ಹಿಮದಿಂದ ಬದುಕಿ ಬಂದವರ ಕತೆ: ಯಾರ ಬಾಯಿಂದ ಕೇಳಬೇಕು?

2016ರ ಫೆಬ್ರವರಿಯಲ್ಲಿ ಮೂರ್ನಾಲ್ಕು ದಿನ ನಮ್ಮ ಮನೆಯ ಟಿವಿ ಆರಲೇ ಇಲ್ಲ. ಸಿಯಾಚಿನ್‌ನಲ್ಲಿ 3ನೇ ತಾರೀಖು ಹಿಮ ಕುಸಿದು ಹತ್ತು ಸೈನಿಕರು ಹೂತುಹೋಗಿದ್ದರು. ಆರು ದಿನ ಕಳೆದ ಮೇಲೆ ಅಗೆದು ನೋಡಿದರೆ ಒಬ್ಬರಲ್ಲಿ ಇನ್ನೂ ಉಸಿರಿತ್ತು. ನಮ್ಮ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ದೆಹಲಿಯ ಸೇನಾ ಆಸ್ಪತ್ರೆಗೆ ತಂದರು. ಊರೂರಲ್ಲಿ ಪೂಜೆ ಮಾಡಿಸಿದರು. 11ರಂದು ಅವರು ಹೋಗಿಬಿಟ್ಟರು.

ಆ ದಿನಗಳಲ್ಲಿ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದಾಗಲೆಲ್ಲ ಒಂದೇ ಮಾತು: "ಆರು ದಿನ ಆ ಕತ್ತಲಲ್ಲಿ ಏನು ಯೋಚನೆ ಮಾಡ್ತಿದ್ದನೋ, ಪಾಪ." ಅದಕ್ಕೆ ಉತ್ತರ ಹೇಳಬೇಕಾದವರು ಉಳಿಯಲಿಲ್ಲ.

ಬೆಟ್ಟದಲ್ಲಿ ಸಿಕ್ಕಿಬಿದ್ದು ಬದುಕಿ ಬಂದವರ ನಿಜ ಕತೆಗಳನ್ನು ಜನ ಯಾಕೆ ಅಷ್ಟು ಓದುತ್ತಾರೆ ಅಂತ ಯಾರಾದರೂ ಕೇಳಿದರೆ ನನಗೆ ಆ ಮಾತೇ ನೆನಪಾಗುತ್ತದೆ. ಎತ್ತರ, ಬಾವುಟ, ದಾಖಲೆ ಇವೆಲ್ಲ ಪೇಪರಿಗೆ. ಓದುವವರಿಗೆ ಬೇಕಾದ್ದು ಒಳಗಿನ ಸುದ್ದಿ. ಕೊನೆಗೆ ಏನಾಯಿತು ಅಂತ ಮೊದಲೇ ಗೊತ್ತಿರುತ್ತದೆ. ಪುಸ್ತಕ ಬರೆದಿದ್ದಾನೆ ಅಂದಮೇಲೆ ಬದುಕಿದ ಅಂತಲೇ ಅಲ್ವಾ? ಆದರೂ ರಾತ್ರಿ ಎರಡು ಗಂಟೆವರೆಗೆ ಕೆಳಗಿಡಲು ಆಗುವುದಿಲ್ಲ.

ಇಂಥ ಪುಸ್ತಕಗಳು ಇಂಗ್ಲಿಷಿನಲ್ಲಿ ರಾಶಿ ಇವೆ. ಎಲ್ಲದರ ರಟ್ಟಿನ ಮೇಲೂ ಅದೇ ಬಿಳಿ ಬೆಟ್ಟ, ಅದೇ ನೀಲಿ ಆಕಾಶ. ಯಾವುದರಿಂದ ಶುರು ಮಾಡಲಿ ಅಂತ ಗೆಳೆಯರು ಕೇಳಿದಾಗ ಮೊದಲೆಲ್ಲ ನಾನು ಬೆಟ್ಟದ ಹೆಸರು ಹೇಳುತ್ತಿದ್ದೆ. ಎವರೆಸ್ಟ್ ಬೇಕಾ, ಆಂಡೀಸ್ ಬೇಕಾ ಅಂತ. ಈಗ ಹಾಗಲ್ಲ. ಕತೆ ಹೇಳುವವರು ಯಾರು ಅಂತ ನೋಡಿ ಆರಿಸಿ ಅನ್ನುತ್ತೇನೆ. ಬಿದ್ದವನೇ ಹೇಳುತ್ತಿದ್ದಾನಾ? ಬಿಟ್ಟು ಬಂದವನಾ? ಬರೆಯಲಿಕ್ಕೆಂದೇ ಹೋದ ವರದಿಗಾರನಾ? ತಂಡದ ನಾಯಕನಾ? ಅದೇ ಬೆಟ್ಟ, ಅದೇ ರಾತ್ರಿ. ಆದರೂ ಬಾಯಿ ಬದಲಾದರೆ ಕತೆಯೇ ಬೇರೆ.

ಒಂದೇ ಒಂದು ಓದುವುದಾದರೆ

ಜೋ ಸಿಂಪ್ಸನ್ ಬರೆದ 'ಟಚಿಂಗ್ ದ ವಾಯ್ಡ್'. 1988ರಲ್ಲಿ ಬಂದದ್ದು. ಇಲ್ಲಿ ಹೇಳುವವನು ಬಿದ್ದವನು.

ಪೆರು ದೇಶದ ಸಿಯುಲಾ ಗ್ರಾಂದೆ, 6,344 ಮೀಟರ್. 1985ರಲ್ಲಿ ಇಂಗ್ಲೆಂಡಿನ ಇಬ್ಬರು ಹುಡುಗರು ಅದರ ಪಶ್ಚಿಮದ ಗೋಡೆ ಹತ್ತಿದರು. ಅದುವರೆಗೆ ಆ ದಾರಿಯಲ್ಲಿ ಯಾರೂ ಹತ್ತಿರಲಿಲ್ಲ. ಸಿಂಪ್ಸನ್, ಸೈಮನ್ ಯೇಟ್ಸ್, ಇಬ್ಬರೂ ಇಪ್ಪತ್ತೈದು ದಾಟದವರು. ಇಳಿಯುವಾಗ ಸಿಂಪ್ಸನ್ ಬಿದ್ದ. ಬಲಗಾಲಿನ ಕೆಳಮೂಳೆ ಮೊಣಕಾಲಿನ ಕೀಲಿನೊಳಗೇ ನುಗ್ಗಿತು. ಆ ಎತ್ತರದಲ್ಲಿ ಕಾಲು ಮುರಿದರೆ ಸತ್ತ ಹಾಗೇ. ಇಬ್ಬರಿಗೂ ಗೊತ್ತು. ಇಬ್ಬರೂ ಬಾಯಿಬಿಡುವುದಿಲ್ಲ.

ಯೇಟ್ಸ್ ಎರಡು ಹಗ್ಗ ಸೇರಿಸಿ ಗಂಟು ಹಾಕಿದ. ಒಂದೊಂದು 45 ಮೀಟರ್. ಹಿಮದಲ್ಲಿ ಗುಂಡಿ ತೋಡಿ ಅದರಲ್ಲಿ ಕೂತು ಗೆಳೆಯನನ್ನು ಕೆಳಗೆ ಬಿಡತೊಡಗಿದ, ಬಾವಿಗೆ ಕೊಡ ಇಳಿಬಿಟ್ಟ ಹಾಗೆ. ಹಗ್ಗವನ್ನು ತಡೆದು ಬಿಡಲು ಒಂದು ಸಣ್ಣ ತಟ್ಟೆ ಇರುತ್ತದೆ. ನಡುವಿನ ಗಂಟು ಅದರಲ್ಲಿ ತೂರುವುದಿಲ್ಲ. ಗಂಟು ಹತ್ತಿರ ಬಂತು ಅಂದರೆ ಯೇಟ್ಸ್ ಹಗ್ಗ ಜಗ್ಗುತ್ತಾನೆ. ಕೆಳಗಿದ್ದವನು ಸರಿಯಿರುವ ಕಾಲಿನ ಮೇಲೆ ನಿಂತು ಹಗ್ಗಕ್ಕೆ ಭಾರ ಬೀಳದ ಹಾಗೆ ಮಾಡಬೇಕು. ಹಗ್ಗ ಸಡಿಲವಾದ ಆ ಗಳಿಗೆಯಲ್ಲಿ ಮೇಲಿದ್ದವನು ಗಂಟನ್ನು ತಟ್ಟೆಯಾಚೆ ದಾಟಿಸಿಕೊಳ್ಳಬೇಕು. ಮತ್ತೆ ಬಿಡಬೇಕು. ಹೀಗೇ ನೂರಾರು ಮೀಟರ್ ಇಳಿದರು, ಹಿಮಗಾಳಿಯಲ್ಲಿ. ಗ್ಯಾಸ್ ಮುಗಿದಿತ್ತು. ಅಂದರೆ ಹಿಮ ಕರಗಿಸಿ ಕುಡಿಯುವ ನೀರೂ ಇಲ್ಲ.

ಆಮೇಲೆ ಕತ್ತಲಲ್ಲಿ ಒಂದು ಕಡಿದಾದ ಅಂಚು ಬಂತು. ಸಿಂಪ್ಸನ್ ಅದರಾಚೆ ಬರೀ ಗಾಳಿಯಲ್ಲಿ ನೇತಾಡಿದ. ನಿಲ್ಲಲು ನೆಲವೇ ಇಲ್ಲ, ಭಾರ ಇಳಿಸುವುದು ಹೇಗೆ? ಕೂಗಿದರೆ ಮೇಲಿನವನಿಗೆ ಕೇಳುವುದಿಲ್ಲ. ಯೇಟ್ಸ್ ಒಂದು ಗಂಟೆಗೂ ಜಾಸ್ತಿ ಹಿಡಿದು ಕೂತ. ಕೂತ ಗುಂಡಿಯೇ ಪುಡಿಪುಡಿಯಾಗಿ ಕುಸಿಯತೊಡಗಿತು. ಬ್ಯಾಗಿನಲ್ಲಿ ಚಾಕು ಇರುವುದು ನೆನಪಾಯಿತು. ಹಗ್ಗ ಕತ್ತರಿಸಿದ.

ಎಲ್ಲರೂ ಮಾತಾಡುವುದು ಈ ಜಾಗದ ಬಗ್ಗೆ. ನನಗೆ ಹಿಡಿಸಿದ್ದು ಅದರ ಮುಂದಿನದು. ಸಿಂಪ್ಸನ್ ಬಿದ್ದದ್ದು ಹಿಮನದಿಯ ದೊಡ್ಡ ಬಿರುಕಿಗೆ, ಕ್ರೆವಾಸ್ ಅನ್ನುತ್ತಾರಲ್ಲ ಅದು. ಒಳಗೊಂದು ಹಿಮದ ಕಟ್ಟೆಯ ಮೇಲೆ ತಂಗಿದ. ಯೇಟ್ಸ್ ಕೂಡ ಬಿದ್ದು ಸತ್ತಿರಬೇಕು, ಹಗ್ಗದ ಆ ತುದಿಯಲ್ಲಿ ಅವನ ಹೆಣ ಇರುತ್ತದೆ ಅಂತ ಅಂದುಕೊಂಡು ಎಳೆಯುತ್ತಾನೆ. ಹಗ್ಗ ಹಗುರಾಗಿ ಬರುತ್ತದೆ. ತುದಿ ಕೈಗೆ ಸಿಗುತ್ತದೆ. ಎಳೆ ಬಿಚ್ಚಿಕೊಂಡಿದೆ. ಟಾರ್ಚ್ ಬೆಳಕಿನಲ್ಲಿ ನೋಡಿದರೆ ಚಾಕುವಿನಿಂದ ಕತ್ತರಿಸಿದ್ದು. ಅವನಿಗೆ ಸಿಟ್ಟು ಬರುವುದಿಲ್ಲ. ಹಾಗಾದರೆ ಸೈಮನ್ ಬದುಕಿದ್ದಾನೆ ಅಂತ ಸಮಾಧಾನ ಆಗುತ್ತದೆ.

ಪುಸ್ತಕವನ್ನು ಸಿಂಪ್ಸನ್ ಅರ್ಪಿಸಿರುವುದೂ ಯೇಟ್ಸ್‌ಗೇ. ಹಗ್ಗ ಕತ್ತರಿಸಿದ ಅಂತ ಊರಿನಲ್ಲಿ ಜನ ಯೇಟ್ಸ್‌ನನ್ನು ಬಾಯಿಗೆ ಬಂದ ಹಾಗೆ ಅನ್ನುತ್ತಿದ್ದರು. ಅವನ ಪರ ನಿಲ್ಲುವುದೂ ಈ ಬರವಣಿಗೆಗೆ ಒಂದು ಕಾರಣ. ಅದಕ್ಕೇ ನಡುನಡುವೆ ಯೇಟ್ಸ್ ಮಾತಾಡುವ ಪುಟಗಳಿವೆ, ಅಕ್ಷರ ಬೇರೆ ಥರ ಇರುತ್ತದೆ. ಬಿದ್ದವನ ಕತೆಯಲ್ಲಿ ಬಿಟ್ಟವನಿಗೂ ಜಾಗ ಕೊಟ್ಟ ಪುಸ್ತಕ ಇಂಥದ್ದು ಇನ್ನೊಂದು ನಾನು ಕಂಡಿಲ್ಲ.

ಅಲ್ಲಿಂದ ಮುಂದೆ ತೆವಳುವುದು. ಮೂರು ದಿನ. ಎದುರಿಗೆ ಕಾಣುವ ಒಂದು ಬಂಡೆ ಆರಿಸಿಕೊಳ್ಳುತ್ತಾನೆ, ವಾಚು ನೋಡಿ ಇಪ್ಪತ್ತು ನಿಮಿಷ ಗಡುವು ಹಾಕಿಕೊಳ್ಳುತ್ತಾನೆ, ಮುಟ್ಟಿದ ಮೇಲೆ ಇನ್ನೊಂದು ಬಂಡೆ. ಬೋನಿ ಎಂ ತಂಡದ ಒಂದು ಹಾಡು ತಲೆಯೊಳಗೆ ನಿಲ್ಲದೆ ಸುತ್ತುತ್ತಿರುತ್ತದೆ, ಇಷ್ಟವೇ ಇಲ್ಲದ ಹಾಡು. ನನಗೆ ಇದು ಸುಳ್ಳಿರಲಿಕ್ಕಿಲ್ಲ ಅಂತ ಪೂರ್ತಿ ನಂಬಿಕೆ ಬಂದದ್ದು ಆ ಹಾಡಿನಿಂದ. ಕಟ್ಟುಕತೆ ಬರೆಯುವವನಾಗಿದ್ದರೆ ಸಾಯುವವನ ತಲೆಯಲ್ಲಿ ಒಳ್ಳೆಯ ಹಾಡು ಇಡುತ್ತಿದ್ದ.

ನಾನೇನು ಪರ್ವತಾರೋಹಿ ಅಲ್ಲ. ಕುಮಾರಪರ್ವತ ಹತ್ತಿ ಇಳಿದದ್ದೇ ನನ್ನ ಸಾಧನೆ. ಆ ಇಳಿಯುವಾಗ ಗಿರಿಗದ್ದೆಗಿಂತ ಮೇಲೆ, ನೆರಳಿಲ್ಲದ ಹುಲ್ಲಿನ ದಾರಿಯಲ್ಲಿ ಮೊಣಕಾಲು ಹಿಡಿದುಕೊಂಡಿತು, ಬಾಟಲಿ ಖಾಲಿ. ಗೆಳೆಯ ನೀರು ತರುತ್ತೇನೆ ಅಂತ ಮುಂದೆ ಹೋದ. ಮುಕ್ಕಾಲು ಗಂಟೆ ಒಬ್ಬನೇ ಕೂತಿದ್ದೆ. ಜೀವಕ್ಕೇನೂ ಅಪಾಯ ಇರಲಿಲ್ಲ ಬಿಡಿ, ಹಿಂದೆ ಜನ ಬರುತ್ತಲೇ ಇದ್ದರು. ಆದರೂ "ಅಗೋ ಆ ಕಲ್ಲಿನವರೆಗೆ ಹೋಗೋಣ" ಅಂತ ನಾನೂ ಲೆಕ್ಕ ಹಾಕಿಕೊಂಡು ಜರುಗಿದ್ದೆ. ಸಿಂಪ್ಸನ್‌ನ ಇಪ್ಪತ್ತು ನಿಮಿಷ ಓದಿದಾಗ ಮೊಣಕಾಲು ಚುಳ್ ಅಂದಿತು.

ಒಂದು ಎಚ್ಚರಿಕೆ. ಕಾಲು ಮುರಿಯುವವರೆಗಿನ ಪುಟಗಳಲ್ಲಿ ಹತ್ತುವ ವಿದ್ಯೆಯ ಪದಗಳು ತುಂಬಾ ಬರುತ್ತವೆ. ಬಿಲೇ ಅಂದರೆ ಜೊತೆಗಾರನ ಹಗ್ಗ ಹಿಡಿದು ಕಾಯುವುದು, ಐಸ್ ಆಕ್ಸ್ ಅಂದರೆ ಹಿಮಕ್ಕೆ ಕಚ್ಚಿಸುವ ಗುದ್ದಲಿಯಂಥದ್ದು, ಇಷ್ಟು ಗೊತ್ತಿದ್ದರೆ ಸಾಕು. ಬೇಸರವಾದರೆ 2003ರಲ್ಲಿ ಬಂದ ಸಿನಿಮಾ ಮೊದಲು ನೋಡಿ. ಸಿಂಪ್ಸನ್, ಯೇಟ್ಸ್ ಇಬ್ಬರೂ ಕ್ಯಾಮೆರಾ ಮುಂದೆ ಕೂತು ಹೇಳುತ್ತಾರೆ.

ಜಗಳ ಇಷ್ಟಪಡುವವರಿಗೆ

1996ರ ಮೇ 10ರ ಎವರೆಸ್ಟ್. ಇಲ್ಲಿ ಒಂದು ಪುಸ್ತಕ ಓದಿ ಬಿಟ್ಟರೆ ಪಂಚಾಯಿತಿಯಲ್ಲಿ ಒಬ್ಬನ ಮಾತು ಕೇಳಿ ಎದ್ದು ಬಂದ ಹಾಗೆ. ಕನಿಷ್ಠ ಎರಡು ಬೇಕು.

ಆ ದಿನ ದುಡ್ಡು ತೆಗೆದುಕೊಂಡು ಜನರನ್ನು ಬೆಟ್ಟ ಹತ್ತಿಸುವ ಎರಡು ಕಂಪನಿಗಳ ತಂಡಗಳು ಒಟ್ಟಿಗೆ ಹೊರಟವು. ನ್ಯೂಜಿಲೆಂಡಿನ ರಾಬ್ ಹಾಲ್ ಒಂದರ ನಾಯಕ, ಅಮೆರಿಕದ ಸ್ಕಾಟ್ ಫಿಷರ್ ಇನ್ನೊಂದರದು. ತುದಿ ಮುಟ್ಟದಿದ್ದರೂ ಮಧ್ಯಾಹ್ನ ಎರಡರೊಳಗೆ ವಾಪಸ್ ತಿರುಗಬೇಕು ಅನ್ನುವ ಮಾತಿತ್ತು. ಹಗ್ಗ ಕಟ್ಟುವುದು ತಡವಾಯಿತು, ಸಾಲು ನಿಂತಿತು, ಎರಡು ದಾಟಿದ ಮೇಲೂ ಜನ ಹತ್ತುತ್ತಲೇ ಇದ್ದರು. ಸಂಜೆ ಬಿರುಗಾಳಿ ಬಂತು. ಬೆಟ್ಟದ ಎರಡೂ ಬದಿ ಸೇರಿ ಎಂಟು ಜನ ಸತ್ತರು. ಇಬ್ಬರು ನಾಯಕರೂ ಹೋದರು. ಉತ್ತರದ ಬದಿಯಲ್ಲಿ ಸತ್ತ ಮೂವರು ನಮ್ಮ ಇಂಡೋ-ಟಿಬೆಟನ್ ಬಾರ್ಡರ್ ಪೊಲೀಸ್‌ನವರು. ಅವರ ಮಾತು ಈ ಹೆಸರಾಂತ ಪುಸ್ತಕಗಳಲ್ಲಿ ತೀರಾ ಕಮ್ಮಿ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಿ.

ಜಾನ್ ಕ್ರಾಕೌರ್ ಪತ್ರಿಕೆಗೆ ಬರೆಯಲು ಹಾಲ್‌ನ ತಂಡದಲ್ಲಿ ಹೋದವನು. ಅವನ 'ಇಂಟು ಥಿನ್ ಏರ್' 1997ರದ್ದು. ವರದಿಗಾರನ ಇಂಗ್ಲಿಷ್, ಸರಾಗ. ಡಿಕ್ಷನರಿ ಬೇಡ. ಮೊದಲ ಸಲ ಇಂಥದ್ದು ಓದುವವರಿಗೆ ಇದೇ ಸುಲಭ. ಆದರೆ ಫಿಷರ್ ತಂಡದ ಗೈಡ್, ಕಜಕಿಸ್ತಾನದ ಅನಾತೊಲಿ ಬುಕ್ರೀವ್ ಬಗ್ಗೆ ಅವನು ಕಟುವಾಗಿ ಬರೆದ. ಗೈಡ್ ಆಗಿದ್ದವನು ಆಕ್ಸಿಜನ್ ಸಿಲಿಂಡರ್ ಇಲ್ಲದೆ ಹತ್ತಿದ್ದೇಕೆ, ತನ್ನ ಗ್ರಾಹಕರಿಗಿಂತ ಮೊದಲೇ ಇಳಿದು ಬಂದದ್ದೇಕೆ ಅಂತ. ಅದೇ ವರ್ಷ ಬುಕ್ರೀವ್ ಇನ್ನೊಬ್ಬ ಲೇಖಕನ ಜೊತೆ ಸೇರಿ 'ದಿ ಕ್ಲೈಂಬ್' ತಂದ. ಫಿಷರ್ ಜೊತೆ ಮಾತಾಡಿಯೇ ಇಳಿದೆ, ಕೆಳಗೆ ಯಾರಾದರೂ ಸಿದ್ಧ ಇರಬೇಕಿತ್ತು ಅಂತ ಅವನ ವಾದ. ಆ ರಾತ್ರಿ ಉಳಿದವರೆಲ್ಲ ಟೆಂಟಿನಲ್ಲಿ ಸುಸ್ತಾಗಿ ಬಿದ್ದಿದ್ದಾಗ ಬಿರುಗಾಳಿಗೆ ಒಬ್ಬನೇ ಹೊರಟು ಮೂವರನ್ನು ಕರೆತಂದವನು ಅವನೇ. ಅದನ್ನು ಕ್ರಾಕೌರ್ ಕೂಡ ಒಪ್ಪುತ್ತಾನೆ. ಫಿಷರ್ ತಂಡದ ಗ್ರಾಹಕರಲ್ಲಿ ಒಬ್ಬರೂ ಸಾಯಲಿಲ್ಲ. ಬುಕ್ರೀವ್ 1997ರ ಡಿಸೆಂಬರಿನಲ್ಲಿ ಅನ್ನಪೂರ್ಣ ಬೆಟ್ಟದಲ್ಲಿ ಹಿಮ ಕುಸಿದು ತೀರಿಕೊಂಡ. ಜಗಳಕ್ಕೆ ಅಲ್ಲಿಗೆ ಒಂದು ಕಡೆಯ ಬಾಯಿ ಮುಚ್ಚಿತು.

ಯಾರು ಸರಿ? ನಾನು ಬುಕ್ರೀವ್ ಕಡೆ ಸ್ವಲ್ಪ ವಾಲುತ್ತೇನೆ, ಆದರೆ ಬರವಣಿಗೆಯಲ್ಲಿ ಕ್ರಾಕೌರ್‌ನೇ ಮೇಲು. 'ದಿ ಕ್ಲೈಂಬ್' ಸುಮ್ನೆ ವಕೀಲರ ಕಡತದ ಹಾಗೆ ಸಾಗುತ್ತದೆ. ಕ್ರಾಕೌರ್‌ನಲ್ಲಿ ಇನ್ನೊಂದು ಗುಣ ಇದೆ, ತನ್ನ ತಪ್ಪನ್ನೇ ಅಡಗಿಸುವುದಿಲ್ಲ. ಇಳಿಯುವಾಗ ಕ್ಯಾಂಪ್ ಹತ್ತಿರ ಹಾಲ್ ತಂಡದ ಗೈಡ್ ಆಂಡಿ ಹ್ಯಾರಿಸ್‌ನನ್ನು ಕಂಡೆ, ಮಾತಾಡಿಸಿದೆ ಅಂತ ಅವನು ಪತ್ರಿಕೆಯಲ್ಲಿ ಬರೆದುಬಿಟ್ಟಿದ್ದ. ಹ್ಯಾರಿಸ್ ಅಲ್ಲಿಗೆ ಬಂದೇ ಇರಲಿಲ್ಲ, ಮೇಲೆಯೇ ಕಾಣೆಯಾಗಿದ್ದ. ಕ್ರಾಕೌರ್ ಮಾತಾಡಿಸಿದ್ದು ಇನ್ನೊಂದು ತಂಡದ ಬೇರೆಯವನನ್ನು. ಎವರೆಸ್ಟಿನ ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಒಂದು ಭಾಗ. ಕಣ್ಣಾರೆ ಕಂಡದ್ದು ಅನ್ನುವುದಕ್ಕೆ ಅಲ್ಲಿ ಅಷ್ಟೇ ಬೆಲೆ. ಮನೆಯವರಿಗೆ ತಪ್ಪು ಸುದ್ದಿ ಮುಟ್ಟಿಸಿದ ಆ ಸಂಕಟ ಪುಸ್ತಕದ ತುಂಬಾ ಇದೆ.

ಇದೇ ರಾತ್ರಿಯ ಮೂರನೇ ಬಾಯಿ ಟೆಕ್ಸಾಸಿನ ಡಾಕ್ಟರ್ ಬೆಕ್ ವೆದರ್ಸ್‌ದು. ಕಣ್ಣಿನ ಆಪರೇಷನ್ ಮಾಡಿಸಿಕೊಂಡಿದ್ದ, ಎತ್ತರಕ್ಕೆ ಹೋದಂತೆ ದೃಷ್ಟಿ ಮಸುಕಾಯಿತು. ನಾನು ಬರುವವರೆಗೆ ಇಲ್ಲೇ ಇರು ಅಂತ ಹಾಲ್ ಹೇಳಿದ್ದ. ಸರಿ ಅಂದಿದ್ದ. ಹಾಲ್ ಬರಲೇ ಇಲ್ಲ. ಕೊಟ್ಟ ಮಾತಿಗೆ ಕಟ್ಟುಬಿದ್ದು ಗಂಟೆಗಟ್ಟಲೆ ಅಲ್ಲೇ ನಿಂತ. ಆಮೇಲೆ ಹಿಮದಲ್ಲಿ ಬಿದ್ದವನನ್ನು ಇವನು ಉಳಿಯುವುದಿಲ್ಲ ಅಂತ ಬಿಟ್ಟರು, ಮನೆಗೆ ಸಾವಿನ ಸುದ್ದಿಯೂ ಹೋಯಿತು. ಮರುದಿನ ಅವನೇ ಎದ್ದು ನಡೆದುಕೊಂಡು ಕ್ಯಾಂಪಿಗೆ ಬಂದ. ಬಲಗೈ, ಎಡಗೈ ಬೆರಳು, ಮೂಗು ಕಳೆದುಕೊಂಡ. ನೇಪಾಳ ಸೇನೆಯ ಮದನ್ ಕೆ.ಸಿ. ಹೆಲಿಕಾಪ್ಟರ್ ಹೋಗದ ಎತ್ತರಕ್ಕೆ ಹಾರಿಸಿ ಅವನನ್ನು ಇಳಿಸಿದ. ವೆದರ್ಸ್‌ನ 'ಲೆಫ್ಟ್ ಫಾರ್ ಡೆಡ್' ಪುಸ್ತಕದಲ್ಲಿ ಬೆಟ್ಟ ಬೇಗ ಮುಗಿಯುತ್ತದೆ. ಉಳಿದದ್ದೆಲ್ಲ ಮನೆ, ಹೆಂಡತಿ, ಬೆಟ್ಟದ ಹುಚ್ಚಿಗೆ ಬಲಿಯಾಗಿದ್ದ ಸಂಸಾರ. ಹೆಂಡತಿಯೂ ಮುಲಾಜಿಲ್ಲದೆ ಮಾತಾಡುತ್ತಾಳೆ. ಸಾಹಸ ಬೇಕು ಅನ್ನುವವರಿಗೆ ಬೋರ್ ಆಗಬಹುದು. ಗಂಡ ವಾರಾಂತ್ಯ ಬಂದರೆ ಟ್ರೆಕ್ಕಿಂಗ್ ಅಂತ ಓಡುವ ಮನೆಯವರು ಇದನ್ನೇ ಮೊದಲು ಓದಲಿ.

ನಾಯಕ ಹೇಳಿದ್ದು, ಜೊತೆಗಾರ ಬರೆದಿಟ್ಟದ್ದು

1950ರ ಜೂನ್ 3. ಫ್ರಾನ್ಸಿನ ಮೊರಿಸ್ ಹರ್ಜೋಗ್ ಮತ್ತು ಲೂಯಿ ಲಾಶೆನಾಲ್ 8,091 ಮೀಟರಿನ ಅನ್ನಪೂರ್ಣ ಹತ್ತಿದರು. 8,000 ಮೀಟರ್ ದಾಟಿದ ಬೆಟ್ಟದ ತುದಿಗೆ ಮನುಷ್ಯರು ಮುಟ್ಟಿದ್ದು ಅದೇ ಮೊದಲು. ಇಳಿಯುವಾಗ ಹರ್ಜೋಗ್ ಬ್ಯಾಗು ಬಿಚ್ಚಲು ಕೈಗವಸು ತೆಗೆದು ಕೆಳಗಿಟ್ಟ. ಅವು ಜಾರಿ ಇಳಿಜಾರಿನಲ್ಲಿ ಉರುಳಿ ಹೋದವು. ಸುಮ್ಮನೆ ನೋಡುತ್ತಾ ನಿಂತ. ಬ್ಯಾಗಿನಲ್ಲಿ ಕೈಗೆ ಹಾಕಿಕೊಳ್ಳಬಹುದಾದ ಒಂದು ಜೊತೆ ಕಾಲುಚೀಲ ಇತ್ತು. ಅದು ನೆನಪಿಗೇ ಬರಲಿಲ್ಲ. ಆ ಮರೆವಿಗೆ ಬೆರಳುಗಳು ಹೋದವು. ಮಳೆಗಾಲ ಶುರುವಾಗಿತ್ತು. ಕೂಲಿಗಳು ಬೆನ್ನ ಮೇಲೆ ಹೊತ್ತು ಇಳಿಸಿದರು, ಡಾಕ್ಟರ್ ದಾರಿಯುದ್ದಕ್ಕೂ ಕೊಳೆತ ಬೆರಳುಗಳನ್ನು ಕತ್ತರಿಸುತ್ತಾ ಬಂದ, ನಮ್ಮ ಉತ್ತರ ಭಾರತದ ಸೆಖೆಯಲ್ಲಿ ರೈಲಿನೊಳಗೂ. ಊಟದ ಹೊತ್ತಿನಲ್ಲಿ ಓದಬೇಡಿ.

ಹರ್ಜೋಗ್ ಆಸ್ಪತ್ರೆಯಲ್ಲಿ ಮಲಗಿ ಹೇಳಿ ಬರೆಸಿದ 'ಅನ್ನಪೂರ್ಣ' 1951ರಲ್ಲಿ ಬಂತು, ಕೋಟಿಗೂ ಹೆಚ್ಚು ಪ್ರತಿ ಖರ್ಚಾಯಿತು. ಭಾಷೆ ಉಬ್ಬಿ ಉಬ್ಬಿ ಹರಿಯುತ್ತದೆ. ದೇಶ, ಗೆಳೆತನ, ಬೆಳಕು ಅಂತೆಲ್ಲ. ನನಗೆ ಅರ್ಧಕ್ಕೆ ಸಾಕಾಗಿತ್ತು. ಆದರೆ ಲಾಶೆನಾಲ್‌ನ ದಿನಚರಿ ಇದೆ ನೋಡಿ. ಐದು ವರ್ಷ ಯಾರೂ ಏನೂ ಬರೆಯುವ ಹಾಗಿಲ್ಲ ಅಂತ ತಂಡದವರಿಂದ ಮೊದಲೇ ಸಹಿ ಹಾಕಿಸಿಕೊಂಡಿದ್ದರು. ಲಾಶೆನಾಲ್ 1955ರಲ್ಲಿ ಹಿಮದ ಬಿರುಕಿಗೆ ಬಿದ್ದು ತೀರಿಕೊಂಡ. ದಿನಚರಿ ಕತ್ತರಿಸಿದ ರೂಪದಲ್ಲಿ ಬಂತು, ಪೂರ್ತಿ ಹೊರಬಿದ್ದದ್ದು 1996ರಲ್ಲಿ. ತುದಿಯ ಹತ್ತಿರ ಲಾಶೆನಾಲ್ ವಾಪಸ್ ಹೋಗೋಣ ಅಂತ ಮಾತು ತೆಗೆದಿದ್ದ, ಹರ್ಜೋಗ್ ಒಬ್ಬನೇ ಆದರೂ ಹೋಗುತ್ತೇನೆ ಅಂದ, ಆಗ ನಿನ್ನ ಜೊತೆ ಬರುತ್ತೇನೆ ಅಂದ ಲಾಶೆನಾಲ್. ನಾಯಕನ ಪುಸ್ತಕದಲ್ಲಿ ಇದು ಗೆಳೆತನದ ಹಾಡಿನ ಹಾಗೆ ಕೇಳುತ್ತದೆ. ದಿನಚರಿಯಲ್ಲಿ ಕಾರಣ ಬೇರೆ. ಇವನನ್ನು ಒಬ್ಬನೇ ಬಿಟ್ಟರೆ ತಿರುಗಿ ಬರುವುದಿಲ್ಲ, ಅದಕ್ಕೇ ಹೋದೆ, ಫ್ರಾನ್ಸಿನ ಹೆಸರಿಗಾಗಿ ಅಲ್ಲ. ಅವನ ಕಾಲಿನ ಹತ್ತೂ ಬೆರಳು ಹೋದದ್ದು ಹೀಗೆ. 'ಅನ್ನಪೂರ್ಣ' ಕೊಳ್ಳುವುದಾದರೆ ಈ ದಿನಚರಿ ಹೊರಬಿದ್ದ ಕತೆ ಗೊತ್ತಿದ್ದೇ ಕೊಳ್ಳಿ.

ಇನ್ನೆರಡು

ಆಂಡೀಸ್‌ನ ವಿಮಾನ ಅಪಘಾತದ್ದು ಎಲ್ಲರಿಗೂ ಗೊತ್ತು. 1972ರ ಅಕ್ಟೋಬರ್ 13, ಉರುಗ್ವೆಯ ರಗ್ಬಿ ಹುಡುಗರು, 45 ಜನರಲ್ಲಿ 72 ದಿನದ ಮೇಲೆ ಉಳಿದವರು 16. ಸತ್ತವರ ಮಾಂಸ ತಿಂದರು ಅನ್ನುವುದೊಂದೇ ಸುದ್ದಿಯಾಗಿ ಉಳಿಯಿತು. ಇವರು ಪರ್ವತಾರೋಹಿಗಳೇ ಅಲ್ಲ. ಅದೇ ಇದರ ರುಚಿ. ಸೀಟಿನ ತಗಡಿನಲ್ಲಿ ಹಿಮ ಕರಗಿಸಿ ನೀರು ಮಾಡುವುದು, ವಿಮಾನದ ಬಾಲದಲ್ಲಿ ಸಿಕ್ಕ ಶಾಖ ತಡೆಯುವ ಬಟ್ಟೆಯಿಂದ ಮಲಗುವ ಚೀಲ ಹೊಲಿಯುವುದು. ಪಶ್ಚಿಮದ ಬೆಟ್ಟ ಹತ್ತಿದರೆ ಆಚೆ ಚಿಲಿಯ ಹಸಿರು ಅಂತ ನಂಬಿದ್ದರು. ನಾಂದೊ ಪರಾದೊ ತುದಿ ಮುಟ್ಟಿ ನೋಡಿದರೆ ಕಣ್ಣು ಹಾಯುವವರೆಗೂ ಬರೀ ಬೆಟ್ಟ. ಆದರೂ ಅವನೂ ರಾಬರ್ಟೊ ಕನೆಸ್ಸಾನೂ ಮುಂದೆ ನಡೆದರು, ಒಟ್ಟು ಹತ್ತು ದಿನ. 'ಅಲೈವ್' 1974ರದ್ದು, ಹೊರಗಿನ ಲೇಖಕ ಎಲ್ಲರನ್ನೂ ಕೇಳಿ ಬರೆದದ್ದು. ಪರಾದೊನ 'ಮಿರಾಕಲ್ ಇನ್ ದಿ ಆಂಡೀಸ್' 2006ರದ್ದು, ಅಮ್ಮ, ತಂಗಿ ಇಬ್ಬರನ್ನೂ ಅಲ್ಲೇ ಕಳೆದುಕೊಂಡವನು ಮೂವತ್ತು ವರ್ಷ ಕಳೆದ ಮೇಲೆ ತಾನೇ ಹೇಳಿದ್ದು. ನನ್ನ ಆಯ್ಕೆ ಎರಡನೆಯದು, ಯೋಚನೆಯೇ ಬೇಡ.

ಕೆ2 ಬೆಟ್ಟದ 2008ರ ಕತೆಗೆ 'ಬರೀಡ್ ಇನ್ ದ ಸ್ಕೈ'. ಆಗಸ್ಟ್ 1ರಂದು ಮೇಲಿನ ಹಿಮದ ಗೋಡೆ ಮುರಿದು ಹಗ್ಗಗಳನ್ನೆಲ್ಲ ಕೊಚ್ಚಿಕೊಂಡು ಹೋಯಿತು, ಹನ್ನೊಂದು ಜನ ಸತ್ತರು. ಮಿಕ್ಕ ಪುಸ್ತಕಗಳಲ್ಲಿ ಶೆರ್ಪಾಗಳು ಚಹಾ ಕೊಟ್ಟು ಮರೆಯಾಗುತ್ತಾರೆ. ಇಲ್ಲಿ ಅವರೂ ಪಾಕಿಸ್ತಾನದ ಹೊರೆಯಾಳುಗಳೂ ಕತೆಯ ನಡುವೆ ನಿಂತಿದ್ದಾರೆ. ಛಿರಿಂಗ್ ದೋರ್ಜೆ ಶೆರ್ಪಾ ಕತ್ತಲಲ್ಲಿ ಇಳಿಯುವಾಗ ಪಸಂಗ್ ಲಾಮಾ ಐಸ್ ಆಕ್ಸ್ ಇಲ್ಲದೆ ಸಿಕ್ಕಿಕೊಂಡಿರುವುದು ಕಂಡ. ತನ್ನ ಸೊಂಟಕ್ಕೆ ಅವನನ್ನು ಕಟ್ಟಿಕೊಂಡ. ಒಬ್ಬ ಜಾರಿದರೆ ಇಬ್ಬರೂ ಹೋಗಬೇಕು. ಒಂದೇ ಐಸ್ ಆಕ್ಸ್‌ನಲ್ಲಿ ಇಬ್ಬರೂ ಇಳಿದು ಬಂದರು. ಎವರೆಸ್ಟ್ ಬೇಸ್ ಕ್ಯಾಂಪ್ ಟ್ರೆಕ್ಕಿಗೆ ಹೊರಟವರು ಹೋಗುವ ಮೊದಲು ಓದಬೇಕಾದ್ದು ಇದು. ಬ್ಯಾಗ್ ಹೊರುವವನ ಹೆಸರು ಕೇಳುವ ಅಭ್ಯಾಸವಾದರೂ ಆದೀತು.

ಕನ್ನಡದಲ್ಲೇ ಬೇಕು ಅನ್ನುವವರು ತಕ್ಷಣ ತೇಜಸ್ವಿಯವರ 'ಮಹಾಪಲಾಯನ' ಹಿಡಿಯುತ್ತಾರೆ. ಸೈಬೀರಿಯಾದ ಸೆರೆಯಿಂದ ತಪ್ಪಿಸಿಕೊಂಡು ಗೋಬಿ ಮರಳುಗಾಡು, ಹಿಮಾಲಯ ದಾಟಿ ಭಾರತಕ್ಕೆ ಬಂದ ಪೋಲೆಂಡಿನವನ ಕತೆ. ನನ್ನನ್ನೂ ಈ ದಾರಿಗೆ ಹಚ್ಚಿದ್ದು ಅದೇ, ಹೈಸ್ಕೂಲಿನಲ್ಲಿ. ಮೂಲ ಬರೆದ ಸ್ಲಾವೊಮಿರ್ ರಾವಿಚ್ ತಪ್ಪಿಸಿಕೊಂಡು ಓಡಲಿಲ್ಲ, 1942ರಲ್ಲಿ ಕ್ಷಮಾದಾನ ಸಿಕ್ಕಿ ಬಿಡುಗಡೆಯಾದ ಅಂತ ಹೇಳುವ ಕಾಗದಪತ್ರಗಳನ್ನು 2006ರಲ್ಲಿ ಬಿಬಿಸಿ ಹೊರತೆಗೆಯಿತು. ಗೊತ್ತಾದ ದಿನ ಯಾರೋ ಹತ್ತಿರದವರು ಸುಳ್ಳು ಹೇಳಿದ ಹಾಗೆ ಆಯಿತು. ಓದಬೇಡಿ ಅನ್ನುವುದಿಲ್ಲ, ತೇಜಸ್ವಿಯವರ ಕನ್ನಡಕ್ಕಾಗಿ ನಾನೇ ಇನ್ನೊಮ್ಮೆ ಓದಿದೆ. ಆದರೆ ಎರಡನೇ ಸಲ ಮರಳುಗಾಡಿನಲ್ಲಿ ಅವರು ಬಾಯಾರಿ ಬಿದ್ದಾಗ ನನ್ನ ಬಾಯಿ ಒಣಗಲಿಲ್ಲ.

ಮೊನ್ನೆ ಅಮ್ಮನಿಗೆ ಸಿಂಪ್ಸನ್ ಕತೆ ಹೇಳಿದೆ. ಮೆಂತ್ಯ ಸೊಪ್ಪು ಬಿಡಿಸುತ್ತಾ ಕೇಳಿದರು. ಅವನು ರಾತ್ರಿ ತೆವಳಿಕೊಂಡು ಕ್ಯಾಂಪಿನ ಹತ್ತಿರ ಬಂದು ಕೂಗುವುದು, ಅವನ ಬಟ್ಟೆಗಳನ್ನೆಲ್ಲ ಆಗಲೇ ಸುಟ್ಟು ಬೆಳಿಗ್ಗೆ ಹೊರಡಲು ಸಿದ್ಧವಾಗಿದ್ದ ಯೇಟ್ಸ್ ಟೆಂಟಿನಿಂದ ಎದ್ದು ಓಡುವುದು, ಎಲ್ಲ ಹೇಳಿ ಮುಗಿಸಿದೆ. ಅಮ್ಮ ಕೈ ನಿಲ್ಲಿಸಿ ಕೇಳಿದರು, "ಹಗ್ಗ ಕತ್ತರಿಸಿದ ಹುಡುಗ ಆಮೇಲೆ ಹೇಗಿದ್ದ?"

ಯೇಟ್ಸ್ ಆಮೇಲೂ ಬೆಟ್ಟ ಹತ್ತಿದ, ತನ್ನದೇ ಪುಸ್ತಕಗಳನ್ನೂ ಬರೆದ. ನಾನಿನ್ನೂ ಓದಿಲ್ಲ. ಆರ್ಡರ್ ಹಾಕಿದ್ದೇನೆ.